ಎರಡು ಲ್ಯಾಪ್‌ಟಾಪ್, ಒಂದೇ ಎಕ್ಸ್‌ಟೆನ್ಶನ್ ಬೋರ್ಡು

ಮಂಗಳೂರಿನಲ್ಲಿ ಯಾವ ಮೆಹಂದಿ ಮನೆಗೆ ಹೋದರೂ ಊಟದ ಕೌಂಟರಿನಷ್ಟೇ ಖಾಯಂ ಆಗಿ ಕಾಣುವುದು ಡಿಜೆಯ ಮೇಜು. ಕಪ್ಪು ಬಟ್ಟೆ ಹೊದಿಸಿದ ಆ ಮೇಜಿನ ಮೇಲೆ ಈಗೀಗ ಎರಡೆರಡು ಲ್ಯಾಪ್‌ಟಾಪ್. ಪಕ್ಕದ ಚೀಲದಲ್ಲಿ ಇನ್ನೊಂದು ಕಂಟ್ರೋಲರ್, ಇನ್ನೊಂದು ಜೊತೆ ಪೆನ್‌ಡ್ರೈವ್, ಇನ್ನೊಂದು ಹೆಡ್‌ಫೋನ್. ಮದುಮಗಳ ಅಪ್ಪ ಹತ್ತಿರ ಬಂದು ವಿಚಾರಿಸಿದರೆ ಹುಡುಗ ಚೀಲದ ಜಿಪ್ ಎಳೆದು ತೋರಿಸುತ್ತಾನೆ. “ಎಲ್ಲ ಡಬಲ್ ಉಂಟು ಅಂಕಲ್, ಟೆನ್ಶನ್ ಮಾಡ್ಬೇಡಿ.” ಅಂಕಲ್ ನಿರಾಳವಾಗಿ ಕೋರಿ ರೊಟ್ಟಿಯ ವ್ಯವಸ್ಥೆ ನೋಡಲು ಹೋಗುತ್ತಾರೆ.

ಅವರು ಮೇಜಿನ ಮೇಲೆ ನೋಡಿದರು, ಬಗ್ಗಿ ಕೆಳಗೆ ನೋಡಲಿಲ್ಲ. ಎರಡೂ ಲ್ಯಾಪ್‌ಟಾಪಿನ ಚಾರ್ಜರು, ಮಿಕ್ಸರು, ಕಾರ್ಡ್‌ಲೆಸ್ ಮೈಕಿನ ರಿಸೀವರು ಎಲ್ಲ ಚುಚ್ಚಿಕೊಂಡಿರುವುದು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ. ಅದರ ವಯರು ಕಾರ್ಪೆಟಿನ ಅಡಿಯಲ್ಲಿ ಹಾದು, ಸ್ಟೇಜಿನ ಹಿಂದೆ ಸುತ್ತಿ, ಗೋಡೆಯ ಒಂದು ಪ್ಲಗ್ಗಿಗೆ ಸೇರಿದೆ. ಅದೇ ಪಾಯಿಂಟಿನಿಂದ ಡೆಕೊರೇಶನ್‌ನವರು ಹೂವಿನ ಕಮಾನಿಗೆ ಲೈಟ್ ಎಳೆದಿದ್ದಾರೆ. ಅವರ ಬೋರ್ಡಿನಲ್ಲಿ ಒಂದು ಜಾಗ ಖಾಲಿ ಇತ್ತೆಂದು ಐಸ್‌ಕ್ರೀಮಿನವನು ಫ್ರೀಜರ್ ಸಿಕ್ಕಿಸಿದ್ದಾನೆ. ಮೇಲೆ ಎಲ್ಲವೂ ಡಬಲ್, ಕೆಳಗೆ ಎಲ್ಲವೂ ಸಿಂಗಲ್.

“ಡಬಲ್ ಉಂಟು” ಎನ್ನುವುದು ಇವತ್ತು ಕರಾವಳಿಯ ಸೌಂಡ್ಸ್ ವ್ಯವಹಾರದಲ್ಲಿ ವೇದವಾಕ್ಯ. ಹೊಸ ಹುಡುಗರಿಗೆ ಹಳಬರು ಹೇಳುವ ಬುದ್ಧಿವಾದವೂ ಅದೇ: ಒಂದು ಕೈಕೊಟ್ಟರೆ ಇನ್ನೊಂದು ಇರಲಿ. ಸಾಲ ಮಾಡಿಯಾದರೂ ಎರಡನೇ ಕಂಟ್ರೋಲರ್ ತಂದವನು ಜವಾಬ್ದಾರಿ ಇರುವವನು, ತಾರದವನು ಉಡಾಫೆ. ಕೇಳಲು ಎಷ್ಟು ಸರಿ ಎನಿಸುತ್ತದೆಯೋ ಈ ನಂಬಿಕೆ ಅಷ್ಟೇ ಪೊಳ್ಳು. ಒಂದೇ ಬಗೆಯ ಎರಡು ಯಂತ್ರ ಕೊಂಡು ಒಂದೇ ಕಡೆ ಇಟ್ಟವನ ಬಳಿ ಇರುವುದು ಒಂದೇ ಅಪಾಯದ ಎರಡು ಪ್ರತಿ. ಅದಕ್ಕೆ ಬ್ಯಾಕಪ್ ಎಂದು ಹೆಸರಿಡುವುದು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು.

ಕಾರ್ಯಕ್ರಮ ಕೆಡುವುದು ಹೇಗೆ ಎಂಬಲ್ಲಿಂದಲೇ ಶುರು ಮಾಡಬೇಕು. ಕಂಟ್ರೋಲರ್ ತನ್ನಷ್ಟಕ್ಕೆ ತಾನು ಸಾಯುವುದು ಅಪರೂಪ. ಅದನ್ನು ಸಾಯಿಸುವುದು ಕರೆಂಟು, ನೀರು, ಉಪ್ಪುಗಾಳಿ, ಮತ್ತು ಗ್ಲಾಸು ಹಿಡಿದುಕೊಂಡೇ “ಒಂದು ತುಳು ಪದ ಹಾಕು ಮಾರಾಯ” ಎಂದು ಮೇಜಿನ ಮೇಲೆ ಬಾಗುವ ವರನ ಸ್ನೇಹಿತ. ಈ ನಾಲ್ಕರಲ್ಲಿ ಯಾವುದೂ ಒಂದನ್ನು ಕೆಡಿಸಿ ಪಕ್ಕದ ಇನ್ನೊಂದನ್ನು ಬಿಡುವ ಜಾತಿಯದಲ್ಲ.

ಕರೆಂಟಿನ ವಿಷಯವನ್ನೇ ತೆಗೆದುಕೊಳ್ಳಿ. ಸಭಾಂಗಣಗಳಿಗೆ ಬರುವುದು ಮೂರು ಫೇಸಿನ ಲೈನು. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400ರ ಆಸುಪಾಸು. ಪ್ಯಾನೆಲ್ಲಿನಲ್ಲೋ ಜನರೇಟರಿನ ಹತ್ತಿರವೋ ನ್ಯೂಟ್ರಲ್ ವಯರಿನ ಸ್ಕ್ರೂ ಸಡಿಲವಾಯಿತೆನ್ನಿ. ಆಗ ಹೆಚ್ಚು ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಇಳಿದು ಲೈಟುಗಳು ಮಂಕಾಗುತ್ತವೆ. ಕಡಿಮೆ ಲೋಡ್ ಇರುವ ಫೇಸಿನಲ್ಲಿ ಅದು 400ರ ಕಡೆಗೆ ಏರುತ್ತದೆ. ಡಿಜೆಯ ಮೇಜಿರುವ ಫೇಸು ಅಂಥ ಬಡಪಾಯಿ ಲೋಡಿನದಾಗಿದ್ದರೆ ಏಟು ಬೀಳುವುದು ಅಲ್ಲಿಗೇ. ಲ್ಯಾಪ್‌ಟಾಪಿನ ಚಾರ್ಜರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. 350 ಬಂದರೆ ಅದು ಒಂದು ಸಣ್ಣ ಸದ್ದು ಮಾಡಿ ಸುಟ್ಟ ವಾಸನೆ ಬಿಡುತ್ತದೆ. ಪಕ್ಕದ ತೂತಿನಲ್ಲಿರುವ ಎರಡನೇ ಚಾರ್ಜರೂ ಅದೇ ಕ್ಷಣಕ್ಕೆ ಅದೇ ಸದ್ದು ಮಾಡುತ್ತದೆ. ನಡುರಾತ್ರಿ ಎರಡು ಸಾವಿರ ರೂಪಾಯಿ ಕೊಡುತ್ತೇನೆಂದರೂ ಮೂರನೇ ಚಾರ್ಜರ್ ಎಲ್ಲಿಂದ ತರುವುದು?

ಇಷ್ಟು ನಾಟಕೀಯವಾಗಿ ಆಗಬೇಕೆಂದೇನೂ ಇಲ್ಲ. ಹೊಗೆ ಬಿಡುವ ಫಾಗ್ ಮಷಿನ್ ಒಂದೇ ಸಾಕು. 6 ಆ್ಯಂಪಿಯರಿನ ಚಿಕ್ಕ ಪಾಯಿಂಟ್ ಹೊರಬಲ್ಲದ್ದು 1,380 ವ್ಯಾಟ್. 1,500 ವ್ಯಾಟಿನ ಫಾಗ್ ಮಷಿನ್ ಅದನ್ನು ತಾನೊಂದೇ ನುಂಗಿ ಹಾಕುತ್ತದೆ. ಮದುಮಕ್ಕಳು ಸ್ಟೇಜಿಗೆ ಬರುವ ಹೊತ್ತಿಗೇ ಅದರ ಬಟನ್ ಒತ್ತುವುದು, ಆ ಹೊತ್ತಿಗೇ ಎಂಸಿಬಿ ಬೀಳುವುದು. “ಕರೆಂಟ್ ಹೋಯ್ತಾ ಅಣ್ಣ?” ಎಂದು ಹುಡುಗ ಕೇಳಿದರೆ ಹಾಲ್‌ನ ಎಲೆಕ್ಟ್ರಿಶಿಯನ್ ಫ್ಯಾನುಗಳ ಕಡೆ ಕೈ ತೋರಿಸುತ್ತಾನೆ. “ಕರೆಂಟ್ ಉಂಟಲ್ಲ, ನಿಮ್ಮದೇ ಎಂತದೋ ಟ್ರಿಪ್ ಆಗಿದೆ.” ಚೀಲದೊಳಗಿನ ಎರಡನೇ ಕಂಟ್ರೋಲರ್ ಆಗ ತಣ್ಣಗೆ ಮಲಗಿರುತ್ತದೆ.

ಡಬಲ್ ಪಂಥದವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ: ವಿಮಾನಕ್ಕೆ ಎರಡು ಎಂಜಿನ್ ಇರುವುದಿಲ್ಲವೇ? ಇರುತ್ತದೆ. 1983ರ ಮೇ 5ರಂದು ಮಯಾಮಿಯಿಂದ ಬಹಾಮಾಸ್‌ನ ನಸಾವ್‌ಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್ ವಿಮಾನಕ್ಕೆ ಮೂರೇ ಇದ್ದವು. ಹಿಂದಿನ ರಾತ್ರಿ ಮೂರೂ ಎಂಜಿನ್‌ಗಳ ಆಯಿಲ್ ತಪಾಸಣೆಯ ಬಿಡಿಭಾಗ ಬದಲಿಸಿದ್ದರು. ಮೂರಕ್ಕೂ ರಬ್ಬರಿನ ಓ-ರಿಂಗ್ ಹಾಕುವುದು ಮರೆತಿದ್ದರು. ಸಮುದ್ರದ ಮೇಲೆ ಮೂರರಿಂದಲೂ ಆಯಿಲ್ ಸೋರಿ, ಒಂದೊಂದಾಗಿ ಮೂರೂ ನಿಂತವು. ಒಂದನ್ನು ಹೇಗೋ ಮತ್ತೆ ಚಾಲೂ ಮಾಡಿ ಮಯಾಮಿಗೇ ವಾಪಸು ಇಳಿಸಿದ್ದರಿಂದ 172 ಜನ ಬದುಕಿದರು. ಸಾಗರದ ಮೇಲೆ ದೂರ ಹಾರುವ ಎರಡು ಎಂಜಿನ್ನಿನ ವಿಮಾನಗಳಿಗೆ ಈಗ ನಿಯಮವೇ ಇದೆ: ಒಂದೇ ಮೆಕ್ಯಾನಿಕ್ ಒಂದೇ ಸಲಕ್ಕೆ ಎರಡೂ ಎಂಜಿನ್‌ಗೆ ಒಂದೇ ಕೆಲಸ ಮಾಡುವಂತಿಲ್ಲ. ಎಂಜಿನ್ ಎಷ್ಟಿವೆ ಎಂಬುದಕ್ಕಿಂತ ಅವು ಒಂದೇ ಕೈಯ ತಪ್ಪಿಗೆ ಸಿಗದಂತೆ ಇವೆಯೇ ಎಂದು ವಿಮಾನದವರು ನೋಡುತ್ತಾರೆ. ಡಿಜೆಗಳು ಅವರಿಂದ ಎರಡು ಎನ್ನುವ ಲೆಕ್ಕವನ್ನು ಮಾತ್ರ ತಂದರು, ಬೇರೆಬೇರೆ ಎನ್ನುವ ಬುದ್ಧಿಯನ್ನು ಅಲ್ಲೇ ಬಿಟ್ಟು ಬಂದರು.

ಹಾಡುಗಳ ವಿಷಯಕ್ಕೆ ಬಂದರೂ ಇದೇ ಕಥೆ. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಗ್ರೈಮ್ಸ್ ಎಂಬ ಗಾಯಕಿ ಡಿಜೆ ಸೆಟ್ ನುಡಿಸಲು ನಿಂತು ಸಾವಿರಾರು ಜನರ ಮುಂದೆ ತಬ್ಬಿಬ್ಬಾದರು. ಹಾಡುಗಳ ವೇಗದ (ಬಿಪಿಎಂ) ಲೆಕ್ಕ ಎರಡು ಪಟ್ಟು ತೋರಿಸುತ್ತಿತ್ತು, ಒಂದಕ್ಕೊಂದು ಕೂಡಲೇ ಇಲ್ಲ. ಹಾಡುಗಳನ್ನು ಸಿದ್ಧಪಡಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟದ್ದೇ ತಪ್ಪಾಯಿತೆಂದು ಆಮೇಲೆ ಅವರೇ ಕ್ಷಮೆ ಕೇಳಿದರು. ಅಂಥ ಸ್ಟೇಜಿನಲ್ಲಿ ಯಂತ್ರಗಳಿಗೆ ಬರವೇ? ಹತ್ತು ಪ್ಲೇಯರ್ ತಂದಿಟ್ಟಿದ್ದರೂ ಹತ್ತರಲ್ಲೂ ಅದೇ ತಪ್ಪು ಲೆಕ್ಕವೇ ಓಡುತ್ತಿತ್ತು. ಅದಕ್ಕೂ ಮೊದಲು, 2019ರ ಅಕ್ಟೋಬರ್‌ನಲ್ಲಿ, ಆ್ಯಪಲ್ ತನ್ನ ಮ್ಯಾಕ್‌ಗಳಿಗೆ ಕ್ಯಾಟಲೀನಾ ಎಂಬ ಹೊಸ ಆವೃತ್ತಿ ಬಿಟ್ಟು ಐಟ್ಯೂನ್ಸ್ ತೆಗೆದುಹಾಕಿತು. ಅದರ ಪ್ಲೇಲಿಸ್ಟ್ ನಂಬಿಕೊಂಡಿದ್ದ ಹಲವು ಡಿಜೆ ತಂತ್ರಾಂಶಗಳು ಕಣ್ಣುಕಣ್ಣು ಬಿಟ್ಟವು. ಎರಡೂ ಲ್ಯಾಪ್‌ಟಾಪನ್ನು ಒಂದೇ ರಾತ್ರಿ ಅಪ್‌ಡೇಟ್ ಮಾಡಿದವರ ಗತಿ ಊಹಿಸಬಹುದು.

ನಮ್ಮೂರಿನಲ್ಲಿ ಇದು ಇನ್ನೂ ಸಣ್ಣದಾಗಿ, ಇನ್ನೂ ದಿನನಿತ್ಯವಾಗಿ ಆಗುತ್ತದೆ. ಮದುಮಗಳ ತಮ್ಮ ಮಧ್ಯಾಹ್ನ ಮೂರಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹಾಡುಗಳ ಪಟ್ಟಿ ಮೊದಲನೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ. ಎರಡನೆಯದರಲ್ಲಿ ಕಳೆದ ಮೇ ತಿಂಗಳ ಹಾಡುಗಳು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಹಳೆಯ ಸಿಡಿಜೆ ಪ್ಲೇಯರ್‌ಗಳು ಅದನ್ನು ಗುರುತಿಸುವುದೇ ಇಲ್ಲ; ಅದರ ಪಡಿಯಚ್ಚಾದ ಎರಡನೇ ಪೆನ್‌ಡ್ರೈವನ್ನೂ ಗುರುತಿಸುವುದಿಲ್ಲ.

ಇನ್ನು ಆಟಿ ತಿಂಗಳು. ತುಳುನಾಡಿನಲ್ಲಿ ಆಟಿಯಲ್ಲಿ ಮದುವೆ ಇಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಆಟಿಯೆಂದರೆ ಮಳೆಗಾಲದ ನಟ್ಟನಡು. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ದೇವರ ಕೋಣೆಯ ಪಟಕ್ಕೂ ಬೂಸ್ಟು. ಕೆಲಸವಿಲ್ಲದೆ ಕೋಣೆಯ ಮೂಲೆ ಸೇರಿದ ಡಿಜೆ ಸಾಮಾನೂ ಅಲ್ಲೇ ಇರುತ್ತದೆ. ದಿನವೂ ಬಳಸುವ ಕೇಬಲ್ಲಿನ ಜ್ಯಾಕು ಸಾಕೆಟ್ಟಿಗೆ ಉಜ್ಜಿ ಉಜ್ಜಿಯೇ ಹೊಳೆಯುತ್ತಿರುತ್ತದೆ. “ಎಮರ್ಜೆನ್ಸಿಗೆ ಇರಲಿ” ಎಂದು ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟ ಕೇಬಲ್ಲಿಗೆ ಹಸಿರು ಕಿಲುಬು ಹಿಡಿಯುತ್ತದೆ. ಪಣಂಬೂರು, ತಣ್ಣೀರುಬಾವಿ ಕಡೆ ಒಂದೆರಡು ಬೀಚ್ ಪಾರ್ಟಿಗೆ ಹೋಗಿ ಬಂದದ್ದಾದರೆ ಕೇಳುವುದೇ ಬೇಡ, ಉಪ್ಪು ಒಳಗೇ ಕೂತಿರುತ್ತದೆ. ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಇಟ್ಟ ಯುಪಿಎಸ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಸದ್ದಿಲ್ಲದೆ ಸಾಯುತ್ತದೆ. ಬ್ಯಾಕಪ್ ಲ್ಯಾಪ್‌ಟಾಪನ್ನು ಆರು ತಿಂಗಳ ನಂತರ ಒಮ್ಮೆ ತೆರೆದರೆ ಅದು ಮಾಡುವ ಮೊದಲ ಕೆಲಸ ಅಪ್‌ಡೇಟ್. ಎರಡನೆಯದು ತಂತ್ರಾಂಶದ ಪಾಸ್‌ವರ್ಡ್ ಕೇಳುವುದು. ಈ ಕರಾವಳಿಯಲ್ಲಿ ಕಟ್ಟಿಟ್ಟ ವಸ್ತುವೇ ಮೊದಲು ಹಾಳಾಗುವುದು. ಹಾಗಾಗಿ ಎರಡನೇ ಸೆಟ್ ಇಟ್ಟುಕೊಳ್ಳುವವರು ಅದನ್ನು ಚೀಲದಿಂದ ಎಬ್ಬಿಸಿ ಒಂದು ಮೆಹಂದಿ ಬಿಟ್ಟು ಒಂದಕ್ಕೆ ದುಡಿಸಬೇಕು. ಇಷ್ಟು ಸುಲಭದ ಮಾತನ್ನು ಹೇಳಿದರೆ “ಹೊಸದು ಹಾಳಾಗ್ತದಲ್ಲ” ಎಂಬ ಉತ್ತರ ಬರುತ್ತದೆ.

ಕೊಳ್ಳಲಾಗದವರದ್ದು ಇನ್ನೊಂದು ನಂಬಿಕೆ. “ನನ್ನ ದೋಸ್ತಿಯ ಹತ್ತಿರ ಒಂದು ಸೆಟ್ ಉಂಟು, ಫೋನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ತರ್ತಾನೆ.” ಸುರತ್ಕಲ್ಲಿನಿಂದ ತೊಕ್ಕೊಟ್ಟಿಗೆ, ಸಂಜೆ ಏಳರ ಹೊತ್ತಿಗೆ, ನಂತೂರು ಮತ್ತು ಪಂಪ್‌ವೆಲ್ ದಾಟಿ ಹತ್ತು ನಿಮಿಷ! ದಾರಿಯ ಮಾತು ಹಾಗಿರಲಿ, ದೋಸ್ತಿ ಆ ದಿನ ಮನೆಯಲ್ಲಿ ಇರುತ್ತಾನೆಯೇ? ಒಳ್ಳೆಯ ಮುಹೂರ್ತ ಊರಿಗೆಲ್ಲ ಒಂದೇ. ಕ್ರೈಸ್ತರ ಮನೆಗಳಲ್ಲಿ ತಪಸ್ಸಿನ ಕಾಲ ಮುಗಿದೊಡನೆ ಮದುವೆಯ ಮುನ್ನಾದಿನದ ರೋಸ್ ಮೇಲೆ ರೋಸ್. ಇವನಿಗೆ ಕೆಲಸವಿರುವ ದಿನ ಅವನಿಗೂ ಕೆಲಸ, ಅವನ ಸೆಟ್ಟಿಗೂ ಕೆಲಸ. ಒಂದೇ ಬೋರ್ಡಿಗೆ ಚುಚ್ಚಿದ ಎರಡು ಚಾರ್ಜರಿನಂತೆ ಇಬ್ಬರೂ ಒಂದೇ ಪಂಚಾಂಗಕ್ಕೆ ಚುಚ್ಚಿಕೊಂಡಿದ್ದಾರೆ.

ಮೈಕಿನ ಮಟ್ಟಿಗೂ ಅಷ್ಟೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡು ಮೊಬೈಲ್ ಸೇವೆಗೆ ಹೋಯಿತು, ಜಿಯೋ ಅದನ್ನು ಕೊಂಡಿತು. ಅದೇ ಬ್ಯಾಂಡಿನ ತರಂಗದಲ್ಲಿ ಕೆಲಸ ಮಾಡುವ ಹಳೆಯ ಅಗ್ಗದ ಕಾರ್ಡ್‌ಲೆಸ್ ಮೈಕು ಗೊರಗೊರ ಎಂದರೆ, ಅದೇ ಅಂಗಡಿಯಿಂದ ಜೊತೆಗೆ ತಂದ ಅದೇ ಮಾದರಿಯ ಇನ್ನೊಂದು ಸುಮ್ಮನಿರುತ್ತದೆಯೇ? ಅದಕ್ಕೆ ಔಷಧ ವಯರು ಇರುವ ಒಂದು ಮೈಕು. ಶ್ಯೂರ್ ಕಂಪನಿಯ ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಬ್ಯಾಟರಿ ಬೇಡ, ಸಿಗ್ನಲ್ ಬೇಡ, ಕೆಳಗೆ ಬಿದ್ದರೂ ಮಾತಾಡುತ್ತದೆ. ಮಂಗಳೂರಿನ ರಿಸೆಪ್ಶನ್ನುಗಳಲ್ಲಿ ಹಾಡು ನಿಂತರೆ ಎಂಸಿ ಹೇಗೋ ಒಂದು ಜೋಕು ಹೇಳಿ ಸುಧಾರಿಸುತ್ತಾನೆ. ಮೈಕ್ ನಿಂತರೆ ಟೋಸ್ಟ್ ಎತ್ತುವವರು ಗ್ಲಾಸು ಹಿಡಿದು ಗೂಟದಂತೆ ನಿಲ್ಲಬೇಕಾಗುತ್ತದೆ. ಆದರೂ ಬ್ಯಾಕಪ್ಪಿನ ಹಣವೆಲ್ಲ ಹಾಡು ಹಾಕುವ ಯಂತ್ರಕ್ಕೇ ಹೋಗುತ್ತದೆ, ಆ ಒಂದು ವಯರಿನ ಮೈಕಿಗೆ ಚೀಲದಲ್ಲಿ ಜಾಗವಿಲ್ಲ.

ರಕ್ಷಣೆಗೆಂದು ಸೇರಿಸಿದ ಸಾಧನವೇ ಮುಳುವಾಗುವುದೂ ಉಂಟು. 2013ರ ಫೆಬ್ರುವರಿ 3ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್ ಪಂದ್ಯದ ನಡುವೆ ಅರ್ಧ ಸ್ಟೇಡಿಯಂ ಕತ್ತಲಾಗಿ ಆಟ 34 ನಿಮಿಷ ನಿಂತಿತು. ಕಾರಣ ಹುಡುಕಿದರೆ, ಕೇಬಲ್ ಕೆಟ್ಟರೆ ಸ್ಟೇಡಿಯಮ್ಮಿಗೆ ತೊಂದರೆಯಾಗಬಾರದೆಂದು ಹೊಸದಾಗಿ ಹಾಕಿದ್ದ ರಿಲೇ! ಡಿಜೆ ಮೇಜಿನ ಎರಡನೇ ಲ್ಯಾಪ್‌ಟಾಪ್, ಅದಕ್ಕೊಂದು ಸ್ವಿಚ್ಚಿಂಗ್ ಬಾಕ್ಸು, ಆ ಬಾಕ್ಸಿಗೊಂದು ಅಡಾಪ್ಟರು, ಮತ್ತೆ ನಾಲ್ಕು ಕನೆಕ್ಟರು. ಕೆಡಬಹುದಾದ ಜಾಗಗಳು ಬೆಳೆಯುತ್ತಲೇ ಹೋಗುತ್ತವೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಹತ್ತು ನಿಮಿಷ ನಿಂತರೆ ಹತ್ತು ನಿಮಿಷ ಹೆಚ್ಚು ಹಾಡು ಹಾಕಿದರಾಯಿತು ಎನ್ನುವವರಿದ್ದಾರೆ. ಅವರು ಗಡಿಯಾರ ನೋಡಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸುತ್ತ ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಮನೆಯಂಗಳದ ಚಪ್ಪರಕ್ಕೆ ಇಲ್ಲ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 2012ರ ಜುಲೈಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಪಾಲ್ ಮೆಕಾರ್ಟ್ನಿ ಹಾಡಿ ಮುಗಿಸಿ ಜನರಿಗೆ ಧನ್ಯವಾದ ಹೇಳುವ ಮೊದಲೇ ಹೊತ್ತು ಮೀರಿತೆಂದು ಆಯೋಜಕರೇ ಸೌಂಡ್ ಕಡಿದುಬಿಟ್ಟರು. ಅಂಥವರಿಗೇ ಸಿಗದ ಹತ್ತು ನಿಮಿಷ ಬಜಾಲಿನ ಮೆಹಂದಿಗೆ ಸಿಗುತ್ತದೆಯೇ? ಒಂಬತ್ತೂ ಮುಕ್ಕಾಲಿಗೆ ನಿಂತ ಹಾಡು ನಿಂತಂತೆಯೇ. ಆದ್ದರಿಂದ ಚೀಲ ಬಿಚ್ಚಿ, ಹಳೆಯ ಕಂಟ್ರೋಲರ್ ಎತ್ತಿಟ್ಟು, ಹೊಸದನ್ನು ಜೋಡಿಸಿ, ಡ್ರೈವರ್ ಹುಡುಕಿ ಆರು ನಿಮಿಷಕ್ಕೆ ತಯಾರಾಗುವುದನ್ನು ಬ್ಯಾಕಪ್ ಎನ್ನಲಾಗದು. ಹತ್ತು ಸೆಕೆಂಡಿನೊಳಗೆ, ಕತ್ತಲಲ್ಲಿ, ಒಂದೇ ಕೈಯಲ್ಲಿ ಆಗಬೇಕು.

ಹಾಗೆ ಆಗುವಂಥದ್ದು ದುಬಾರಿಯೂ ಅಲ್ಲ. ಒಂದು ಹಳೆಯ ಫೋನು, ಅದರೊಳಗೆ ಡೌನ್‌ಲೋಡ್ ಮಾಡಿದ ಒಂದು ಗಂಟೆಯ ಹಾಡು, ಅದರಿಂದ ಮಿಕ್ಸರಿನ ಖಾಲಿ ಚಾನೆಲ್ಲಿಗೆ ಮೊದಲೇ ಚುಚ್ಚಿಟ್ಟ ವಯರು, ಮಟ್ಟ ನೋಡಿ ಇಳಿಸಿಟ್ಟ ಫೇಡರ್. ಲ್ಯಾಪ್‌ಟಾಪ್ ಸತ್ತರೆ ಒಂದು ಬೆರಳಿನಲ್ಲಿ ಫೇಡರ್ ಏರಿಸಿದರೆ ಮುಗಿಯಿತು. ಫೋನಿಗೆ ತನ್ನದೇ ಬ್ಯಾಟರಿ, ತನ್ನದೇ ತಂತ್ರಾಂಶ, ತನ್ನದೇ ಹಾಡು. ಕಂಟ್ರೋಲರಿನ ಯಾವ ರೋಗವೂ ಅದಕ್ಕೆ ಅಂಟುವುದಿಲ್ಲ. ಏರೋಪ್ಲೇನ್ ಮೋಡ್‌ನಲ್ಲಿ ಇಡಬೇಕು ಅಷ್ಟೆ, ಇಲ್ಲದಿದ್ದರೆ ಯಾರದೋ ಕರೆ ಬಂದು ಇಡೀ ಚಪ್ಪರಕ್ಕೆ ರಿಂಗ್‌ಟೋನ್ ಕೇಳಿಸೀತು. ಕರೆಂಟೇ ಹೋದರೆ ಬೇಕಾದದ್ದು ಯುಪಿಎಸ್. ಮೇಜಿನ ಸಾಮಾನೆಲ್ಲ ಸೇರಿ ಎಳೆಯುವುದು 150 ವ್ಯಾಟಿನ ಆಸುಪಾಸು; ಕಂಪ್ಯೂಟರ್ ಅಂಗಡಿಯ 1 ಕೆವಿಎ ಯುಪಿಎಸ್ ಅಷ್ಟನ್ನು ಕೆಲವು ನಿಮಿಷ ಹೊರುತ್ತದೆ. ದೊಡ್ಡ ಸ್ಪೀಕರುಗಳನ್ನು ಅದಕ್ಕೆ ಹಚ್ಚುವುದು ಬೇಡ. ಜನರೇಟರ್ ಎದ್ದು ಸ್ಪೀಕರಿಗೆ ಜೀವ ಬರುವ ಹೊತ್ತಿಗೆ ಮಿಕ್ಸರ್ ಎಚ್ಚರವಾಗಿಯೇ ಇದ್ದರೆ ಹಾಡು ತನ್ನಿಂದ ತಾನೇ ಮುಂದುವರಿಯುತ್ತದೆ. ಕೇಬಲ್ಲು, ಜ್ಯಾಕು, ಯುಎಸ್‌ಬಿ ವಯರು ಇವುಗಳಲ್ಲಿ ಮಾತ್ರ ಡಬಲ್ ಸರಿ. ಅವು ಸವೆದು ಒಂದೊಂದಾಗಿಯೇ ಸಾಯುವ ವಸ್ತುಗಳು.

ಈ ಬುದ್ಧಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ, ಬಯಲಾಟ ನೋಡಿದವರಿಗೆ ಗೊತ್ತಿರುವುದೇ. ಊರೂರು ತಿರುಗುವ ಮೇಳಕ್ಕಿಂತ ದೊಡ್ಡ ಸಂಚಾರಿ ಪ್ರದರ್ಶನ ಈ ಜಿಲ್ಲೆಯಲ್ಲಿ ಯಾವುದಿದೆ? ಮೈಕು ಕೈಕೊಟ್ಟರೆ ಭಾಗವತರ ಪದ ನಿಲ್ಲುವುದಿಲ್ಲ. ಚೆಂಡೆ, ಮದ್ದಳೆಗೆ ಕರೆಂಟಿನ ಹಂಗಿಲ್ಲ. ಹಿಂದೆ ಕೂತವರು ಒಂದಿಷ್ಟು ಮುಂದೆ ಸರಿದು ಕೂರುತ್ತಾರೆ. ವೇಷಧಾರಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೊಬ್ಬ ಅದೇ ಪಾತ್ರಕ್ಕೆ ಬಣ್ಣ ಹಚ್ಚಿ ಕೂರುತ್ತಾನೆ. ಅವನು ಮೊದಲಿನವನ ನಕಲಲ್ಲ. ಅರ್ಥವೂ ಅವನದೇ, ನಡೆಯೂ ಅವನದೇ. ಆದರೂ ಆಟ ಆಟವೇ. 2008ರ ಜನವರಿ 26 ಮತ್ತು 27ರಂದು ಕೊಂಕಣಿ ಸಂಘಟನೆ ಮಾಂಡ್ ಸೊಭಾಣ್‌ನವರು ಮಂಗಳೂರಿನಲ್ಲಿ 40 ಗಂಟೆ ಕೊಂಕಣಿ ಹಾಡು ನಿಲ್ಲದಂತೆ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಒಂದು ತಂಡದ ಕೊರಳು ದಣಿದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ರೋಸ್ ಮನೆಯಲ್ಲಿ ವೊವಿಯೊ ಎಂಬ ಮದುವೆ ಹಾಡು ಬಲ್ಲ ಒಬ್ಬ ಅಜ್ಜಿ, ಗುಮಟೆ ಬಾರಿಸುವ ಒಬ್ಬ ಮಾವ ಇದ್ದರೆ ಮೇಲಿನ ಯಾವ ಅನಾಹುತವೂ ಆ ರಾತ್ರಿಯನ್ನು ಕೆಡಿಸದು. ಅವರಿಬ್ಬರೂ ಎಲ್ಲಿ ಕೂತಿದ್ದಾರೆ ಎಂದು ಎಂಸಿಗೆ ಮೊದಲೇ ಗೊತ್ತಿರಬೇಕು.

ಎರಡನೇ ಕಂಟ್ರೋಲರಿನ ಕಂತು ಕಟ್ಟುವವರಿಗೆ ಇದೆಲ್ಲ ಸಪ್ಪೆ ಎನಿಸುವುದು ಸಹಜ. ಚೀಲ ತೆರೆದು ತೋರಿಸಲು ಇದರಲ್ಲಿ ಏನೂ ಇಲ್ಲ. ಬಾಡಿಗೆ ಚೌಕಾಸಿ ಮಾಡುವ ಮನೆಯವರಿಗೂ ಎಣಿಸಲು ಸಿಗುವುದು ಪೆಟ್ಟಿಗೆಗಳೇ. “ಎಷ್ಟು ಬೇಸ್, ಎಷ್ಟು ಟಾಪ್, ಎಷ್ಟು ಲ್ಯಾಪ್‌ಟಾಪ್?” ಎಂದು ಕೇಳುತ್ತಾರೆಯೇ ಹೊರತು ಕರೆಂಟು ಎಲ್ಲಿಂದ ಎಳೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ಕೆಲವು ಹುಡುಗರು ಮಾತ್ರ ಬೇರೆ ರೀತಿ ಮಾಡುತ್ತಾರೆ. ಸಂಜೆ ಐದಕ್ಕೆ, ಡೆಕೊರೇಶನ್‌ನವರು ಇನ್ನೂ ಮಲ್ಲಿಗೆ ಸುತ್ತುತ್ತಿರುವಾಗ, ಹಾಡು ಜೋರಾಗಿ ಓಡುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತು ನೋಡುತ್ತಾರೆ. ಮೇಜು ಕತ್ತಲಾಗುತ್ತದೆ, ಕಮಾನಿನ ಲೈಟು ಆರುತ್ತದೆ, ಫ್ರೀಜರು ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಮೂರು ಕಡೆಯಿಂದ “ಏಯ್, ಯಾರದು?” ಎಂಬ ಬೊಬ್ಬೆ. ಹುಡುಗ ಯಾರಿಗೂ ಉತ್ತರ ಕೊಡದೆ ಟೆಸ್ಟರ್, ಮಲ್ಟಿಮೀಟರ್ ಜೇಬಿಗೆ ಹಾಕಿಕೊಂಡು, ಹೆಗಲಿಗೆ ವಯರಿನ ಸುರುಳಿ ಏರಿಸಿ, ಪ್ಯಾನೆಲ್ ರೂಮಿನ ಬೀಗದ ಕೈ ಯಾರ ಹತ್ತಿರ ಉಂಟು ಎಂದು ಹುಡುಕಿಕೊಂಡು ಹೊರಡುತ್ತಾನೆ.